ಮೀನುನಾತದ ನೇರಳೆ ನೂಲು

ಶ್ಮಿನ್ ಪಟ್ಟಣದಲ್ಲಿ ನಿಲುವಂಗಿಯ ಮೇಲೆ ಬಳ್ಳಿ, ಬಾತುಕೋಳಿ, ಕುಣಿಯುವವರನ್ನು ನೇಯುವುದರಲ್ಲಿ ತಯೇಸಿಯ ಕೈ ಮೀರಿಸಿದವರಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಸೊಸೆ ತ್ಕೂಯಿಯೊಡನೆ ಮಗ್ಗ ನಡೆಸುತ್ತಿದ್ದಳು. ಎಲ್ಲರಂತೆ ಅವಳ ನೇರಳೆ ಬಣ್ಣವೂ ಮಂಜಿಷ್ಠದ ಬೇರಿನ ಕೆಂಪಿಗೆ ನೀಲಿ ಬೆರೆಸಿದ್ದು. ಕಡಲ ಬಸವನಹುಳುವಿನಿಂದ ತೆಗೆದ ಅಸಲಿ ನೇರಳೆ ಚಕ್ರವರ್ತಿಗೆ ಮಾತ್ರ. ಬೇರೆಯವರ ಮನೆಯಲ್ಲಿ ಸಿಕ್ಕರೆ ತಲೆ ಉಳಿಯುತ್ತಿರಲಿಲ್ಲ.

ಆ ಬೇಸಿಗೆ, ಜಮೀನ್ದಾರನ ಹೆಂಡತಿ ನೊನ್ನಾ ಅಂಗಿಯೊಂದಕ್ಕೆ ಹೇಳಿ, ತಾನೇ ನೇರಳೆ ನೂಲು ಕಳಿಸಿ, ಕತ್ತಿನ ಕೆಳಗಿನ ಚಿತ್ರ ಇದರಲ್ಲೇ ಆಗಲಿ ಎಂದಿದ್ದಳು. ತಯೇಸಿ ಬಟ್ಟಲಗಲದ ಮೊಲವೊಂದನ್ನು ನೇಯ್ದಳು. ಅಂಗಿ ಮಗ್ಗದಿಂದಿಳಿದ ದಿನ ಅದಕ್ಕೆ ನೀರು ಚಿಮುಕಿಸುತ್ತಿದ್ದ ತ್ಕೂಯಿ, ಮೊಲ ನೆನೆದೊಡನೆ ಮೂಗು ಮುಚ್ಚಿಕೊಂಡಳು.

"ಅತ್ತೆ, ಇದೇನ್ ನಾತ? ಮೀನು ಕೊಳೆತಂಗೈತೆ."

ತಯೇಸಿ ಮೂಸಿ ನೋಡಿದಳು. ಬಣ್ಣದ ಮನೆಯಲ್ಲಿ ದುಡಿದಿದ್ದ ಅವಳಪ್ಪ, ಅಸಲಿ ನೇರಳೆ ನೆನೆದರೆ ಹೀಗೇ ನಾರುತ್ತದೆ ಎಂದು ಹೇಳಿದ್ದ.

"ಕದ ಹಾಕು. ಸೂಜಿ ತಾ."

"ಯಾಕತ್ತೆ?"

"ಪೇಟೇಲಿ ಬೆಳಗ್ಗಿಂದ ಚಕ್ರವರ್ತಿ ಕಡೆಯೋರು ನೇರಳೆ ಹುಡುಕ್ತಾವ್ರೆ ಅಂತ ನೀನೇ ಹೇಳ್ದಲ್ಲೇ. ಇದು ಅದೇ ಕಣೆ."

ಇಬ್ಬರೂ ಎಳೆ ಎಳೆಯಾಗಿ ಮೊಲವನ್ನು ಬಿಚ್ಚಿದರು. ಬೆವರಿಗೆ ಸೂಜಿ ಜಾರುತ್ತಿತ್ತು. ಸುಟ್ಟರೆ ಉಣ್ಣೆಯ ಕಮಟು ಬೀದಿಗೆಲ್ಲ ಗೊತ್ತಾಗುತ್ತದೆ. ಬಾವಿಗೆ ಹಾಕಿದರೆ ಯಾರದೋ ಕೊಡಕ್ಕೆ ಸಿಗುತ್ತದೆ. ಪಕ್ಕದ ಮನೆಯಲ್ಲಿ ತಯೇಸಿಯ ಗೆಳತಿ, ಮುದುಕಿ ತಾಪಿಯಾ ತೀರಿಕೊಂಡು, ಹೆಂಗಸರು ಹೆಣಕ್ಕೆ ಬಟ್ಟೆ ಸುತ್ತುತ್ತಿದ್ದರು. ತಯೇಸಿ ನೂಲನ್ನೆಲ್ಲ ಒಂದು ಪುಟ್ಟ ದಿಂಬಿನೊಳಗೆ ತುರುಕಿ ಹೊಲಿದು, ಅಳುವವರ ನಡುವೆ ನುಗ್ಗಿ, ಗೆಳತಿಯ ತಲೆಯಡಿಗಿಟ್ಟಳು. "ತಪ್ಪಾಯ್ತು ತಾಯಿ, ನೀನೇ ಕಾಯಬೇಕು" ಎಂದು ಕಿವಿಯಲ್ಲಿ ಪಿಸುಗುಟ್ಟಿ ಮನೆಗೆ ಬರುವಷ್ಟರಲ್ಲಿ ಅಧಿಕಾರಿಯೂ ಇಬ್ಬರು ಸೈನಿಕರೂ ಹೊಸ್ತಿಲಲ್ಲಿದ್ದರು.

ಅಧಿಕಾರಿ ಅಂಗಿ ಬಿಡಿಸಿದ. ಕತ್ತಿನ ಕೆಳಗೆ ಉದ್ದಕ್ಕೆ ಬಿಗಿದ ಹಾಸಿನ ದಾರಗಳಷ್ಟೇ ಬೋಳಾಗಿ ನಿಂತಿದ್ದವು.

"ಇಲ್ಲೇನಿತ್ತು?"

"ಮೊಲ ಇತ್ತು ಸ್ವಾಮಿ. ಕಣ್ಣು ವಾರೆಯಾಯ್ತು, ಬಿಚ್ಚಿದೆ."

"ಮೊಲದ ಕಣ್ಣು ಯಾರಮ್ಮ ನೋಡ್ತಾರೆ?"

"ಉಡೋರು ನೋಡ್ತಾರೆ. ಮುಖದ ಮೇಲೆ ಎಸೀತಾರೆ."

ಸೈನಿಕನೊಬ್ಬ ನಕ್ಕ. ಅಧಿಕಾರಿ ನಗಲಿಲ್ಲ. ಹುಳಿ ದ್ರಾಕ್ಷಾರಸ ತರಿಸಿ, ತೋಳಿನ ನೇರಳೆ ಪಟ್ಟಿಯ ಮೇಲೆ ಸುರಿದು ಬಿಳಿ ಬಟ್ಟೆಯಿಂದ ಉಜ್ಜಿದ. ಆ ಪಟ್ಟಿ ತನ್ನದೇ ಬಣ್ಣವೆಂದು ಗೊತ್ತಿದ್ದೂ ತಯೇಸಿ ಅವನ ಕೈಯಿಂದ ಕಣ್ಣು ತೆಗೆಯಲಿಲ್ಲ. ಬಟ್ಟೆಗೆ ಮಂಜಿಷ್ಠದ ಕೆಂಪು ಹತ್ತಿತು; ಅಸಲಿಯಾಗಿದ್ದರೆ ಬಣ್ಣ ಬಿಡುತ್ತಿರಲಿಲ್ಲ. ಅವನು ಅಂಗಿ ಬಿಸಾಕಿ ಮುಂದಿನ ಮನೆಗೆ ಹೋದ. ಅದೇ ಹೊತ್ತಿಗೆ ತಾಪಿಯಾಳ ಹೆಣ ಅವರ ಪಕ್ಕದಲ್ಲೇ ಹಾದುಹೋಯಿತು. ಸೈನಿಕರು ದಾರಿ ಬಿಟ್ಟು ನಿಂತರು.

ವಾರದ ಮೇಲೆ ನೊನ್ನಾ ಬಂದಳು. "ನನ್ನ ನೂಲೆಲ್ಲಿ?"

"ತಾಪಿಯಾ ಜೊತೆ ಮಣ್ಣಲ್ಲೈತಮ್ಮಾ. ಬೇಕಾದ್ರೆ ಅಗೆಸ್ಕೊಳ್ಳಿ. ಆಮೇಲೆ ಅದೇನು ಅಂತ ಅಧಿಕಾರಿಗಳಿಗೆ ನೀವೇ ಹೇಳಿ."

ನೊನ್ನಾಳ ಮುಖ ಬಿಳುಚಿತು. ಗಂಡ ತಂದುಕೊಟ್ಟ ಉಡುಗೊರೆ, ತನಗೇನೂ ಗೊತ್ತಿರಲಿಲ್ಲ ಎಂದು ತೊದಲಿ ಅಂಗಿಯನ್ನೂ ಬಿಟ್ಟು ಹೊರಟುಹೋದಳು. ತಯೇಸಿ ಮತ್ತೆಂದೂ ಬೇರೆಯವರ ನೂಲು ಮುಟ್ಟಲಿಲ್ಲ. ಹಗಲಲ್ಲೂ ಕದಕ್ಕೆ ಅಗುಳಿ ಹಾಕಿಕೊಂಡೇ ಮಗ್ಗಕ್ಕೆ ಕೂರುತ್ತಿದ್ದಳು.