ಅಪ್ಪನ ಕೆಮ್ಮು

ಒಂದು ವಾರದಿಂದ ನಾನು ಬಂಗಾರಪೇಟೆಯ ಮೆಡಿಕಲ್ ಶಾಪಿನ ಕೌಂಟರಿನಲ್ಲೇ ನಿಂತು ಕೆಮ್ಮಿನ ಸಿರಪ್ ಕುಡಿಯುತ್ತಿದ್ದೇನೆ. ಮುಚ್ಚಳಕ್ಕೆ ಸುರಿದುಕೊಂಡು ಗುಟುಕರಿಸಿ, ಬಾಟಲಿಯನ್ನು ಅಂಗಡಿಯ ಬಾಬುವಿನ ಕೈಗೇ ವಾಪಸ್ ಕೊಟ್ಟು, "ಎತ್ತಿಡಪ್ಪ, ಸಾಯಂಕಾಲ ಮತ್ತೆ ಬರ್ತೀನಿ" ಎನ್ನುತ್ತೇನೆ.

"ನಮ್ದು ಮೆಡಿಕಲ್ ಶಾಪು ಟೀಚರಮ್ಮ, ನೀವು ಬಾರ್ ಮಾಡ್ಬಿಟ್ರಿ" ಎಂದು ಅವನು ನಗುತ್ತಾನೆ. ನಾನೂ ನಗುತ್ತೇನೆ. ಬಾಟಲಿಯನ್ನು ಮನೆಗೆ ಯಾಕೆ ಒಯ್ಯುವುದಿಲ್ಲವೆಂದು ಅವನಿಗೆ ಹೇಳಿಲ್ಲ. ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ಆ ಸಿರಪ್ಪಿನ ವಾಸನೆ ನಿಮಗೂ ಗೊತ್ತಿರಬೇಕು. ಯಾವ ಮರದಲ್ಲೂ ಬಿಡದ ಒಂದು ಚೆರ್ರಿ ಹಣ್ಣಿನದು. ನಾವು ಬೆಳೆದ ಊರಿಗಾಂನಲ್ಲಿ ಮನೆಮನೆಯ ಗೂಡಿನಲ್ಲೂ ಅದರ ಬಾಟಲಿ ಇರುತ್ತಿತ್ತು, ಕುಂಕುಮದ ಭರಣಿಯ ಪಕ್ಕದಲ್ಲೇ. ಚಿನ್ನದ ಗಣಿಗೆ ಇಳಿಯುವ ಗಂಡಸರಿಗೆಲ್ಲ ಎದೆಯಲ್ಲಿ ಕಲ್ಲಿನ ಧೂಳು. ಗಣಿ ಕೆಲಸಗಾರರ ಸಾಲುಮನೆಗಳ ನಮ್ಮ ಲೈನಿನಲ್ಲಿ ಕೆಮ್ಮೆಂದರೆ ಒಬ್ಬೊಬ್ಬನ ಸಿಗ್ನೇಚರ್. ಶಿಫ್ಟ್ ಮುಗಿಸಿ ಬರುವವರ ಕೆಮ್ಮು ತಿರುವಿನಲ್ಲಿ ಕೇಳಿದರೆ, ಯಾರ ಗಂಡ ಬಂದನೆಂದು ತಿಳಿದು ಆ ಮನೆಯ ಹೆಂಗಸು ಸಾರು ಬಿಸಿಗಿಡುತ್ತಿದ್ದಳು. ಕಾನ್ವೆಂಟಿನ ಸಿಸ್ಟರ್‌ಗಳು "ಕವರ್ ಯುವರ್ ಮೌತ್, ಗರ್ಲ್ಸ್" ಎಂದು ನಮಗೆ ಮ್ಯಾನರ್ಸ್ ಕಲಿಸುತ್ತಿದ್ದರು. ಬಾಯಿ ಮುಚ್ಚಿಕೊಂಡರೆ ಅಪ್ಪ ಬಂದದ್ದು ಅಮ್ಮನಿಗೆ ಗೊತ್ತಾಗುವುದು ಹೇಗೆ ಎಂದು ನನಗೆ ಆಗ ನಿಜವಾಗಿಯೂ ಚಿಂತೆಯಾಗಿತ್ತು. ಅಪ್ಪನದು ಎರಡು ಗಿಡ್ಡ ಕೆಮ್ಮು, ಒಂದು ಉದ್ದದ್ದು, ಕೊನೆಯಲ್ಲಿ ಸೀಟಿ ಹೊಡೆದ ಹಾಗೆ ಉಸಿರು.

ನನ್ನ ತಮ್ಮ ಶ್ರೀಧರ ಅದನ್ನು ಹಾಗೆಹಾಗೇ ಕೆಮ್ಮುತ್ತಿದ್ದ. ಅವನು ಹುಟ್ಟು ಮಿಮಿಕ್ರಿಯವನು. ಹಾಲಿನವನ ಕೂಗು, ನಮ್ಮ ಮದರ್ ಸುಪೀರಿಯರ್ ಅವರ ನಡಿಗೆ, ಎಲ್ಲವೂ ಬರುತ್ತಿತ್ತು. ಒಮ್ಮೆ ಅವನು ಒಳಗೆ ಕೆಮ್ಮಿದ್ದಕ್ಕೆ ಅಮ್ಮ ತಟ್ಟೆ ಹಾಕಿಬಿಟ್ಟಳು. ಹೊರಗೆ ಸೈಕಲ್ ನಿಲ್ಲಿಸುತ್ತಿದ್ದ ಅಪ್ಪ, "ಲೇ, ನಾನಿನ್ನೂ ಬಾಗ್ಲಲ್ಲೇ ಇದೀನಿ, ಒಳಗೆ ಯಾವನ್ಲಾ ಕೆಮ್ತಿರೋದು?" ಎಂದರು. ಇಡೀ ಲೈನು ನಕ್ಕಿತು.

ಅಪ್ಪ ಆ ಧೂಳಿನಿಂದಲೇ ಹೋದರು. ಆಮೇಲೆ ಕೆಲವು ವರ್ಷ ಶ್ರೀಧರ ಅಪ್ಪನ ಹಾಗೆ ಕೆಮ್ಮಿರಲಿಲ್ಲ. ಟಾಕೀಸಿನಲ್ಲಿ ಟಿಕೆಟ್ ಹರಿಯುವ ಕೆಲಸದಲ್ಲಿದ್ದಾಗ ಒಂದು ಚಳಿಗಾಲ ನೆಗಡಿಯಾಗಿ ಸಿರಪ್ ಕುಡಿದ. ನೆಗಡಿ ಹೋಯಿತು, ಕೆಮ್ಮು ಉಳಿಯಿತು. ಉಳಿದದ್ದು ಅಪ್ಪನ ಕೆಮ್ಮು.

ಅಮ್ಮ ಅದನ್ನು ಕೇಳಿ ಗೋಡೆ ಹಿಡಿದುಕೊಂಡಳು. "ನಿಮ್ಮಪ್ಪನ ಎದೇನೇ ನಿಂಗೂ ಬಂದೈತೆ ಕಂದಾ, ಕುಡ್ಕೋ" ಎಂದು ತಾನೇ ಬಾಟಲಿ ತಂದು ಕೊಟ್ಟಳು.

"ಅವನು ಗಣಿಗೆ ಇಳಿದೇ ಇಲ್ವಲ್ಲಮ್ಮ" ಎಂದೆ.

"ಸೈನೈಡ್ ದಿಬ್ಬದ ಧೂಳು ಅಡಿಗೆಮನೇಗೇ ಬತ್ತೈತೆ. ಇಳಿಯೋಕೆ ಯಾಕೆ ಓಗ್ಬೇಕು?"

ಅದೂ ನಿಜವೇ. ಗಾಳಿ ಬೀಸಿದರೆ, ಚಿನ್ನ ತೆಗೆದು ಸುರಿದ ಪುಡಿಮಣ್ಣಿನ ಆ ಬಿಳಿ ದಿಬ್ಬ ನಮ್ಮ ಅನ್ನದ ಮೇಲೂ ಉದುರುತ್ತಿತ್ತು. ಪಕ್ಕದ ಮನೆಯ ಸೆಲ್ವಿ, "ಪಾವಂ, ಅಪ್ಪಾ ಮಾದ್ರಿಯೇ" ಎಂದಳು, ಪಾಪ ಅಪ್ಪನ ಹಾಗೇ ಎಂದು ತಮಿಳಿನಲ್ಲಿ, ಕಣ್ಣೊರೆಸಿಕೊಳ್ಳುತ್ತಾ.

ಸಿರಪ್ ಕುಡಿದರೆ ಅವನು ಹಸುವಿನಂತಾಗುತ್ತಿದ್ದ. ಕಣ್ಣಿನ ಪಾಪೆ ಸಾಸಿವೆಯಷ್ಟಾಗುತ್ತಿತ್ತು. ಮೂಗು ಕೆರೆದುಕೊಳ್ಳುತ್ತಾ, ಮಾತಿನ ನಡುವೆಯೇ ತೂಕಡಿಸುತ್ತಿದ್ದ. ಬಾಟಲಿ ಮುಗಿದ ದಿನ ಆಕಳಿಕೆ, ಸೋರುವ ಮೂಗು, ಬೇಸಿಗೆಯಲ್ಲೂ ಮೈಮೇಲೆ ಮುಳ್ಳು. ತಟ್ಟೆ ಎಸೆಯುತ್ತಿದ್ದ. ನಾವು ಅದನ್ನೆಲ್ಲ ಧೂಳಿನ ಲೆಕ್ಕಕ್ಕೇ ಹಾಕಿದೆವು. ಒಂದು ಮಾತ್ರ ಯಾವ ಲೆಕ್ಕಕ್ಕೂ ಬರಲಿಲ್ಲ. ಅವನು ಮಿಮಿಕ್ರಿ ಬಿಟ್ಟ. ಯಾರಾದರೂ ಕೇಳಿದರೆ "ಅದ್ರಲ್ಲೇನೈತೆ ಬಿಡಿ" ಎನ್ನುತ್ತಿದ್ದ.

ಕೊನೆಗೆ ಬಂಗಾರಪೇಟೆಯ ಡಾಕ್ಟರರೊಬ್ಬರು ಎಕ್ಸ್-ರೇ ತೆಗೆಸಿದರು. "ಎದೆ ತೊಳೆದಿಟ್ಟ ಗಾಜಿನ ಹಾಗಿದೆ, ಈ ಕೆಮ್ಮು ಅಲ್ಲಿಂದ ಬರ್ತಿಲ್ಲ" ಎಂದರು. ಟಾರ್ಚ್ ಬಿಟ್ಟು ಅವನ ಕಣ್ಣು ನೋಡಿ, ಅವನನ್ನು ಹೊರಗೆ ಕೂರಿಸಿ, ಆ ಸಿರಪ್ಪಿನಲ್ಲಿರುವುದು ಅಫೀಮಿನ ದಾಯಾದಿ ಎಂದು ನಮಗೆ ತಿಳಿಸಿದರು. "ಮೆದುಳು ತನ್ನ ಪಾಡಿಗೆ ತಾನು ಒಂದಿಷ್ಟು ಖುಷಿ ತಯಾರಿಸ್ತಿರುತ್ತೆ ಟೀಚರ್. ಹೊರಗಿಂದ ಸುರೀತಾನೇ ಇದ್ರೆ ಅದು ಅಂಗಡಿ ಮುಚ್ಚುತ್ತೆ. ಬಾಟ್ಲಿ ಬಿಟ್ಟ ಮೇಲೂ ತಕ್ಷಣ ತೆಗೆಯಲ್ಲ. ಕೆಲವರದು ಅರ್ಧ ಬಾಗಿಲು ಅಷ್ಟೇ."

ಅಮ್ಮ ನಂಬಲಿಲ್ಲ. ಎಕ್ಸ್-ರೇ ಫಿಲ್ಮನ್ನು ದಿನವೂ ಕಿಟಕಿಗೆ ಹಿಡಿದು ಧೂಳು ಹುಡುಕುತ್ತಿದ್ದಳು. "ಇಲ್ಲೈತೆ ನೋಡೇ, ಬೆಳ್ಳಗೆ."

"ಅದು ಅವನ ಪಕ್ಕೆಲುಬಮ್ಮ."

ಮಗ ಅಪ್ಪನ ಕಾಯಿಲೆಯಿಂದ ಸಾಯುವುದನ್ನು ಅವಳು ತಾಳಿಕೊಳ್ಳುತ್ತಿದ್ದಳೇನೋ. ಈ ಕಾಯಿಲೆಗೆ ನಮ್ಮ ಲೈನಿನಲ್ಲಿ ಹೆಸರೇ ಇರಲಿಲ್ಲ.

ಅವನು ಬಿಟ್ಟ. ಆಸ್ಪತ್ರೆ ಸೇರಿ, ನಡುಗಿ, ಪುನಃ ಬಾಟಲಿಗೆ ಬಿದ್ದು, ಮತ್ತೆ ಸೇರಿ ಬಿಟ್ಟ. ಅಮ್ಮ ಹೋದ ಮೇಲೆ ಬಂಗಾರಪೇಟೆಯಲ್ಲಿ ನನ್ನ ಜೊತೆಗೇ ಇದ್ದಾನೆ. ವರ್ಷಗಳೇ ಆದವು, ಒಂದು ತೊಟ್ಟು ಮುಟ್ಟಿಲ್ಲ. ಕ್ಯೂರ್ ಆಗಿದ್ದಾನೆ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಆದರೆ ಅವನು ಊಟ ಮಾಡುವುದು ತಟ್ಟೆ ಖಾಲಿ ಮಾಡಲಿಕ್ಕೆ, ರೇಡಿಯೋ ಹಾಕುವುದು ಸದ್ದಿರಲಿ ಎಂದು. ಒಂದು ಭಾನುವಾರ "ಶ್ರೀ, ಆ ಹಾಲಿನವನ ಥರ ಒಂದ್ಸಲ ಕೂಗೋ" ಎಂದೆ. ಬಾಯಿ ತೆರೆದ. ಹಾಗೇ ಮುಚ್ಚಿಕೊಂಡ. "ಬರಲ್ಲ ಅಕ್ಕ."

ಈಗ ನನಗೇ ಕೆಮ್ಮು ಹತ್ತಿದೆ, ಅಸಲಿಯದು. ಅದಕ್ಕೇ ಈ ಕೌಂಟರ್ ಸೇವೆ. ಬಾಬು ಕೊಡುವ ಸಿರಪ್ಪಿನಲ್ಲಿ ಆ ದಾಯಾದಿ ಇಲ್ಲ, ಕನ್ನಡಕ ಹಾಕಿಕೊಂಡು ಲೇಬಲ್ ಓದಿದ್ದೇನೆ. ಆದರೂ ಬಾಟಲಿ ಮನೆಗೆ ಬೇಡ ಎಂದುಕೊಂಡೆ. ಬಹಳ ಕ್ಲೆವರ್ ಎಂದೂ ಅಂದುಕೊಂಡೆ.

ನಿನ್ನೆ ಸಂಜೆ ಮನೆಗೆ ಬಂದಾಗ ಶ್ರೀಧರ ಅವರೆಕಾಯಿ ಸುಲಿಯುತ್ತಿದ್ದ. ಕೆಳಗೆ ಬಿದ್ದ ಕಾಯಿ ಎತ್ತಿಕೊಡಲು ಅವನ ಹತ್ತಿರ ಬಗ್ಗಿದೆ. ಅವನು ಮುಖವೆತ್ತಿದ. ಕಣ್ಣು ಹೊಳೆಯಿತು. ಇಡೀ ಲೈನು ನಗುತ್ತಿದ್ದ ಕಾಲದ ಆ ಹೊಳಪು, ಇಷ್ಟು ವರ್ಷ ನಾನು ಕಾದದ್ದು. ದಡ್ಡಿ, ಒಂದು ಕ್ಷಣ ಸಂತೋಷಪಟ್ಟೆ. ಆಮೇಲೆ ಅವನ ಮೂಗಿನ ಹೊಳ್ಳೆ ಅರಳಿದ್ದು ಕಂಡಿತು. ಚೆರ್ರಿ ನಾರುವ ನನ್ನ ಉಸಿರನ್ನು ಎಳೆದುಕೊಳ್ಳುತ್ತಿದ್ದ.

ಮತ್ತೆ ಅವನು ಕೆಮ್ಮಿದ. ಎರಡು ಗಿಡ್ಡ, ಒಂದು ಉದ್ದ, ಕೊನೆಗೆ ಸೀಟಿ. ಒಂದಿಷ್ಟೂ ಮುಕ್ಕಾಗಿರಲಿಲ್ಲ.

ಅವನ ಕೈಯಲ್ಲಿದ್ದ ಕಾಯಿ ಹಿಸುಕಿ ನೀರಾಗಿತ್ತು. ಅದನ್ನು ಪಕ್ಕಕ್ಕೆ ಎಸೆದು, "ಅಕ್ಕ, ನಾಳೆಯಿಂದ ಬಾಯಿ ತೊಳ್ಕೊಂಡು ಬಾ" ಎಂದ. ತನಗಾಗಿ ಅವನು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಇವತ್ತು ಅಂಗಡಿಯ ಪಕ್ಕದ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿದೆ, ನಾಲಗೆ ಮರಗಟ್ಟುವವರೆಗೆ. ಬಾಬು ಏನೋ ತಮಾಷೆ ಮಾಡಿದ, ನಗು ಬರಲಿಲ್ಲ. ಮನೆಯ ಹೊಸ್ತಿಲಲ್ಲೇ ನಿಂತು "ತೊಳ್ಕೊಂಡೆ ಕಣೋ" ಎಂದೆ.

"ಸರಿ" ಎಂದ ಶ್ರೀಧರ. ಮುಖವನ್ನು ಗೋಡೆಯ ಕಡೆಗೆ ಹಾಗೇ ಇಟ್ಟುಕೊಂಡು, ಅವರೆಕಾಯಿಯ ಬುಟ್ಟಿಯನ್ನು ಕಾಲಿನಿಂದ ನನ್ನ ಕಡೆಗೆ ತಳ್ಳಿದ.