ಕಾಲು ಮೇಷ್ಟ್ರ ಸಾಕ್ಷಿ

ದೊಡ್ಡಾಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಮೂವತ್ತೆರಡು ವರ್ಷದಿಂದ ಕೃತಕ ಕಾಲು ಮಾಡುತ್ತಿದ್ದವರನ್ನು ಎಲ್ಲರೂ ಕಾಲು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಕಾಲು ಕಟ್ಟಿಸಿಕೊಂಡವರಿಗೆ ನಡೆಯುವುದನ್ನು ಕಲಿಸುತ್ತಿದ್ದವರೂ ಅವರೇ. ಆಳು ಮಹಾ ಪುಕ್ಕಲು. ದೊಡ್ಡ ಡಾಕ್ಟರು ಎದುರು ಬಂದರೆ ಗೋಡೆಗೆ ಅಂಟಿಕೊಂಡು ದಾರಿ ಬಿಡುವ ಪೈಕಿ.

ಅವತ್ತು ಬೆಳಿಗ್ಗೆ ಪ್ಲಾಸ್ಟರ್ ಅಚ್ಚೊಂದನ್ನು ಉಜ್ಜುತ್ತ ಕೂತಿದ್ದಾಗ ರೇಡಿಯೋದಲ್ಲಿ ಸಂಸತ್ತಿನ ಚರ್ಚೆ ಬರುತ್ತಿತ್ತು. ಸೈನ್ಯಕ್ಕೆ ಇನ್ನೆಷ್ಟು ಹಣ ಸುರಿಯಬೇಕು ಎಂಬ ಜಟಾಪಟಿ. ಅವರದೇ ಕ್ಷೇತ್ರದ ಸದಸ್ಯರು ಎದ್ದು ಗುಡುಗಿದರು: "ಹೋದ ಯುದ್ಧದಲ್ಲಿ ಮಿತ್ರದೇಶ ನಮಗೆ ಕೊಟ್ಟಿದ್ದಾದರೂ ಏನು? ನಾಲ್ಕು ಡೇರೆ, ನಲವತ್ತು ಭಾಷಣ! ಅವರ ಒಬ್ಬನೇ ಒಬ್ಬ ಸೈನಿಕನಿಗೆ ತರಚುಗಾಯವಾದರೂ ಆಗಿತ್ತೇ? ಈಗ ಅವರ ಗಡಿಗೆ ಬೆಂಕಿ ಬಿದ್ದರೆ ನಾವು ಯಾಕೆ ಓಡಬೇಕು?"

ಮೇಷ್ಟ್ರ ಕೈ ನಿಂತುಬಿಟ್ಟಿತು. ಆ ಯುದ್ಧದ ವರ್ಷ ಇದೇ ಶೆಡ್ಡಿನಲ್ಲಿ ಮಿತ್ರದೇಶದ ಸೈನಿಕರಿಗೆ ಅವರು ಹತ್ತೊಂಬತ್ತು ಕಾಲು ಮಾಡಿಕೊಟ್ಟಿದ್ದರು. ಒಬ್ಬನಿಗಂತೂ ಎರಡೂ. ಭಾಷೆ ಬಾರದ ಅವನು ಕಲಿತದ್ದು "ಸಾಕು" ಎಂಬ ಒಂದೇ ಮಾತು. ನೋವಾದರೂ ಸಾಕು, ಅನ್ನ ಬಡಿಸಿದರೂ ಸಾಕು.

ಮಧ್ಯಾಹ್ನ ಸೈನ್ಯದ ಕಚೇರಿಯಿಂದ ಒಬ್ಬ ಅಧಿಕಾರಿ ಬಂದ.

"ತಿಂಗಳಿಗೆ ಎಷ್ಟು ಕಾಲು ಮಾಡ್ತೀರಿ?"

"ಹನ್ನೆರಡು ಸಾರ್. ಮೈಮುರಿದು ದುಡಿದ್ರೆ ಹದಿನಾಲ್ಕು."

"ಇನ್ನೂರು ಬೇಕಂದ್ರೆ?"

"ಅಷ್ಟು ಜನ ಎಲ್ಲಿದ್ದಾರೆ ಸಾರ್?"

"ಸದ್ಯಕ್ಕೆ ಯಾರೂ ಇಲ್ಲ. ಸುಮ್ನೆ ಕೇಳಿಟ್ಕೋತಿದ್ದೀವಿ."

ಮೇಷ್ಟ್ರ ಒಬ್ಬಳೇ ಮಗಳು ಸೈನ್ಯದಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದಳು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದರು. ಆಕೆ ತರಕಾರಿ ಹೆಚ್ಚುತ್ತಲೇ ಕೇಳಿಸಿಕೊಂಡಳು. "ಸೈನ್ಯ ಹೋಗೋದು ಬೇಡ ಅಂತಾನೇ ಆ ಸದಸ್ಯರು ಕೂಗಾಡ್ತಿರೋದಲ್ವೇನ್ರೀ? ನಮಗೆ ಒಳ್ಳೇದೇ ಆಯ್ತು. ನೀವು ಬಾಯಿಗೆ ಬೀಗ ಹಾಕ್ಕೊಂಡಿರಿ."

"ಕಾಲು ಕಳಕೊಂಡ ಆ ಹುಡುಗರು ಸುಳ್ಳಾಗಿಬಿಡ್ತಾರಲ್ಲೇ."

"ಆಗ್ಲಿ. ನಮ್ಮ ಹುಡುಗಿ ಉಳೀಲಿ."

ಮೂರು ದಿನ ಫೋನು ರಿಂಗಾದಾಗಲೆಲ್ಲ ಮೇಷ್ಟ್ರು ಮಗಳದೇ ಸುದ್ದಿಯೇನೋ ಎಂದು ಬೆಚ್ಚಿಬೀಳುತ್ತಿದ್ದರು. ನಾಲ್ಕನೇ ದಿನ, ಹೆಂಡತಿಗೂ ತಿಳಿಸದೆ, ಸದಸ್ಯರು ಜನರನ್ನು ಕಾಣುವ ಹೊತ್ತಿಗೆ ಅವರ ಕಚೇರಿಯಲ್ಲಿ ಸರದಿ ನಿಂತರು. ಎರಡು ಸಲ ಸಾಲಿನಿಂದ ಹೊರಬಂದು ಗೇಟಿನವರೆಗೂ ಹೋಗಿ ಮರಳಿದರು. ಕೊನೆಗೂ ಒಳಗೆ ಹೋಗಿ ಎರಡೂ ಕೈ ಮುಂದೆ ಚಾಚಿದರು.

"ಹತ್ತೊಂಬತ್ತು ಕಾಲು ಸಾರ್. ಈ ಕೈಯಲ್ಲೇ ಮಾಡಿದ್ದು."

ಸದಸ್ಯರು ಕೆಟ್ಟವರೇನಲ್ಲ. ಪೂರ್ತಿ ಕೇಳಿ ಎದ್ದು ಬಂದು ಮೇಷ್ಟ್ರ ಕೈ ಹಿಡಿದುಕೊಂಡರು. "ನನಗೆ ಇದನ್ನ ಯಾರೂ ಹೇಳಿರಲಿಲ್ಲ ಮೇಷ್ಟ್ರೇ."

ಮುಂದಿನ ವಾರ ಅವರು ಸಂಸತ್ತಿನಲ್ಲಿ ಕಾಲು ಮೇಷ್ಟ್ರೊಬ್ಬರ ಮಾತು ಹೇಳಿ ತಪ್ಪೊಪ್ಪಿಕೊಂಡರು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ನಮಗಾಗಿ ಕಾಲು ಕಳಕೊಂಡವರ ಋಣ ನಮ್ಮ ಮೇಲಿದೆ. ಸೈನ್ಯಕ್ಕೆ ಕೇಳಿದಷ್ಟೂ ಕೊಡೋಣ, ಸೈನ್ಯವನ್ನೂ ಕಳಿಸೋಣ" ಎಂದರು. ಮೇಜು ಕುಟ್ಟಿದ ಸದ್ದು ರೇಡಿಯೋ ತುಂಬ ಕೇಳಿಸಿತು. ಮಸೂದೆ ಪಾಸಾಯಿತು. ಹೆಂಡತಿ ರೇಡಿಯೋ ಆರಿಸಿದವಳು ಎರಡು ದಿನ ಗಂಡನ ಮುಖ ನೋಡಲಿಲ್ಲ.

ಮಿತ್ರದೇಶದ ಗಡಿಗೆ ಹೊರಡುವ ಮೊದಲು ಮಗಳಿಗೆ ಅರ್ಧ ದಿನದ ರಜೆ ಸಿಕ್ಕಿತು. ಬಂದವಳೇ ಬೂಟು ಕಳಚಿ, ಎದುರಿನ ಸ್ಟೂಲಿನ ಮೇಲೆ ಕಾಲು ಚಾಚಿದಳು.

"ಅಪ್ಪಾ, ಸಂಸತ್ತಲ್ಲಿ ಹೇಳಿದ ಆ ಮೇಷ್ಟ್ರು ನೀವೇ ತಾನೆ? ನಮ್ಮವರ ಬಾಯಲ್ಲೆಲ್ಲ ನಿಮ್ಮದೇ ಮಾತು."

ಮೇಷ್ಟ್ರಿಗೆ ಕೇಳಿಸಲಿಲ್ಲ. ಅವರ ಕಣ್ಣು ತನ್ನಷ್ಟಕ್ಕೆ ತಾನೇ ಮಗಳ ಮಂಡಿಯಿಂದ ಹಿಮ್ಮಡಿಯವರೆಗೆ ಇಳಿದು ಅಳತೆ ತೆಗೆದುಕೊಳ್ಳುತ್ತಿತ್ತು. ಮಾಡುತ್ತಿರುವುದೇನೆಂದು ಹೊಳೆಯಿತು. ಧಡಕ್ಕನೆ ಎದ್ದು ಕಂಬಳಿ ತಂದು ಆ ಕಾಲುಗಳ ಮೇಲೆ ಹೊದಿಸಿದರು.

"ಈ ಸೆಖೇಲಾ ಅಪ್ಪಾ?" ಎಂದು ಮಗಳು ನಕ್ಕಳು.

"ಇರಲಿ ಬಿಡು ಮಗಾ," ಎಂದರು. ಅವಳ ಪಾದದ ಸುತ್ತ ಕಂಬಳಿಯ ಅಂಚನ್ನು ಒತ್ತಿ ಹಿಡಿದ ಕೈಯನ್ನು ಬಹಳ ಹೊತ್ತಾದರೂ ತೆಗೆಯಲಿಲ್ಲ.