ಬುಟ್ಟಿಯಲ್ಲಿ ಇಳಿದದ್ದು ಮಾತ್ರ

ಕೈರೋ ನಗರದ ಶೂಬ್ರಾ ಬಡಾವಣೆಯ ಆ ಏಳಂತಸ್ತಿನ ಕಟ್ಟಡಕ್ಕೆ ಬಶಂದಿ ಇಪ್ಪತ್ತಾರು ವರ್ಷಗಳಿಂದ ಕಾವಲುಗಾರ. ಹುಟ್ಟೂರು ಸೋಹಾಗ್ ಕಡೆಯ ಹಳ್ಳಿ. ಕೈರೋದಲ್ಲಿ ಅವನದು ಅಂತ ಇದ್ದದ್ದು ಮೆಟ್ಟಿಲ ಕೆಳಗಿನ ಕೋಣೆ, ಬಾಗಿಲ ಬಳಿಯ ಬೆಂಚು, ಬೆಂಚಿನಡಿ ಮಲಗುತ್ತಿದ್ದ ಸಿಮ್ಸಿಮಾ. ಎಳ್ಳಿನ ಬಣ್ಣದ ಬೀದಿನಾಯಿ, ಅದಕ್ಕೇ ಅರಬ್ಬಿಯಲ್ಲಿ ಎಳ್ಳೆಂದೇ ಹೆಸರು.

ಸಿಮ್ಸಿಮಾ ಮರಿಯಾಗಿದ್ದಾಗ ಅವಳ ತಾಯಿಯೂ ಜೊತೆಯ ಎರಡು ಮರಿಗಳೂ ಒಂದೇ ಬೆಳಿಗ್ಗೆ ಸತ್ತಿದ್ದವು. ಯಾರೋ ಪುಣ್ಯಾತ್ಮರು ಮಾಂಸದ ಚೂರಿಗೆ ವಿಷ ಬೆರೆಸಿ ಎಸೆದಿದ್ದರು. ಯಾರೆಂದು ಬೀದಿಗೆಲ್ಲ ಗೊತ್ತು, ಬಾಯಿ ಬಿಡುವವರಿಲ್ಲ. ಉಳಿದ ಒಂದು ಮರಿಗೆ ಬಶಂದಿ ಪಾಠ ಶುರುಮಾಡಿದ. ನೆಲದ ಮೇಲಿದ್ದದ್ದು, ತಟ್ಟೆಯಲ್ಲಿಟ್ಟದ್ದು ಮುಟ್ಟಕೂಡದು. ಮೂರನೇ ಮಹಡಿಯ, ಹಜ್ ಯಾತ್ರೆ ಮಾಡಿಬಂದ ಮುದುಕಿ ಹಜ್ಜಾ ಇನಾಯತ್ ತರಕಾರಿ ತರಿಸಲು ಬಾಲ್ಕನಿಯಿಂದ ಹಗ್ಗ ಕಟ್ಟಿ ಬುಟ್ಟಿ ಬಿಡುತ್ತಾಳಲ್ಲ, ಆ ಬುಟ್ಟಿಯಲ್ಲಿ ಇಳಿದದ್ದು ಮಾತ್ರ ತಿನ್ನಬೇಕು. ಅದನ್ನೂ ಬಶಂದಿ ಮೊದಲು ಒಂದು ಚೂರು ತಾನು ಬಾಯಿಗೆ ಹಾಕಿಕೊಂಡು "ತಿನ್ನೇ" ಅಂದಮೇಲೆ. ನೆಲಕ್ಕೆ ಮೂತಿ ಇಟ್ಟರೆ ಚಪ್ಪಲಿ ಏಟು. ಹೊಡೆದು, ಆಮೇಲೆ ತಾನೇ ಕೂತು ಕಣ್ಣೊರೆಸಿಕೊಳ್ಳುತ್ತಿದ್ದ.

"ಮನುಷ್ಯರ ಎಂಜಲು ನಾಯಿ ತಿನ್ನೋದು ಸರಿ, ಅದಕ್ಕೋಸ್ಕರ ಎಂಜಲು ಮಾಡಿ ಕೊಡೋನ್ನ ನಿನ್ನೊಬ್ಬನ್ನೇ ನೋಡಿದ್ದು ಕಣೋ!" ಎಂದು ಹಜ್ಜಾ ಮೇಲಿಂದ ಕೂಗುವಳು. "ಅದು ನಿನ್ನ ಕೈ ನೆಕ್ತು ನೋಡು. ನಮಾಜಿಗೆ ಮುಂಚೆ ಏಳು ಸಲ ತೊಳಿ!"

"ಎಪ್ಪತ್ತು ಸಲ ತೊಳೀತೀನಿ ತಾಯಿ, ನೀವು ಮೊದಲು ಕೋಳಿ ಕತ್ತು ಇಳಿಸಿ."

ಹೀಗೆ ಮೂರು ವರ್ಷ. ಅಷ್ಟರಲ್ಲಿ ಆ ಬೀದಿಯಲ್ಲಿ ಹನ್ನೊಂದು ನಾಯಿ ಸತ್ತವು, ಇವಳು ಬದುಕಿದಳು. ಆದರೆ ಕಟ್ಟಡದವರು ಸಭೆ ಸೇರಿ, "ನಾಯಿ ಬೇಕೋ, ಕೆಲಸ ಬೇಕೋ?" ಅಂದರು. ಊರಲ್ಲಿ ನಾಲ್ಕು ಜನ ಇವನನ್ನೇ ನಂಬಿಕೊಂಡಿರುವಾಗ ಬಡವ ಏನನ್ನಬೇಕು ಹೇಳಿ? ನಾಯಿಯನ್ನು ಕಳಿಸಲು ಒಪ್ಪಿಕೊಂಡ.

ಬೀದಿನಾಯಿಗಳಿಗೆ ಮನೆ ಹುಡುಕಿಕೊಡುವ ನೆವೀನ್ ಮೇಡಂ ಫೋಟೋ ಹಾಕಿದರು. ಹಾಲೆಂಡಿನ ಗಂಡ ಹೆಂಡತಿ ದತ್ತು ತೆಗೆದುಕೊಳ್ಳುತ್ತೇವೆಂದರು. ಲಸಿಕೆ, ರಕ್ತಪರೀಕ್ಷೆ, ಕಾಗದಪತ್ರ ಎಂದು ನಾಲ್ಕು ತಿಂಗಳು ಹೋಯಿತು. ವಿಮಾನ ನಿಲ್ದಾಣದಲ್ಲಿ ಪಂಜರದೊಳಕ್ಕೆ ಹೋಗೆಂದವನು ಬಶಂದಿಯೇ. ಅವನು ಅಂದ, ಅವಳು ಹೋದಳು.

"ಹೊಂದಿಕೊಳ್ಳದಿದ್ರೆ ವಾಪಸ್ ಕಳಿಸ್ತಾರೆ ಬಿಡು" ಎಂದು ನೆವೀನ್ ಸಮಾಧಾನ ಹೇಳಿದರು. ಆ ಮಾತನ್ನು ಅವನು ಯಾರಿಗೂ ಹೇಳದೆ ಒಳಗಿಟ್ಟುಕೊಂಡ. ಹೇಳಲೇಬೇಕಿದ್ದ ಇನ್ನೊಂದು ಮಾತು ಮಾತ್ರ ಅವನಿಗೆ ಹೊಳೆಯಲೇ ಇಲ್ಲ.

ಆರನೇ ದಿನ ನೆವೀನ್ ಬಾಡಿದ ಮುಖ ಹೊತ್ತು ಬಂದರು. "ಬಶಂದಿ, ಹೋದಾಗಿಂದ ಏನೂ ತಿಂದಿಲ್ಲವಂತೆ. ತಟ್ಟೇಲಿ ಮಾಂಸ ಇಟ್ರೆ ಗೋಡೆ ಕಡೆ ತಿರುಗಿ ಮಲಗ್ತಾಳಂತೆ. ಗ್ಲೂಕೋಸ್ ಹಾಕ್ಸಿದಾರೆ."

ಬಶಂದಿ ಹಣೆ ಹಣೆ ಚಚ್ಚಿಕೊಂಡ. "ಅಯ್ಯೋ ಮೇಡಂ, ನಾನೇ ಕೊಂದೆ! ತಟ್ಟೇಲಿಟ್ರೆ ಅವಳು ಸತ್ರೂ ಮುಟ್ಟಲ್ಲ!"

ಎಲ್ಲ ಕೇಳಿದ ನೆವೀನ್ ಅಲ್ಲಿಂದಲೇ ವೀಡಿಯೋ ಕರೆ ಮಾಡಿದರು. ಆ ಕಡೆ ಉದ್ದನೆಯ ಮನುಷ್ಯನೊಬ್ಬ ಮನೆಯ ಮೆಟ್ಟಿಲ ಮೇಲೆ ನಿಂತು ಒಗೆಯುವ ಬಟ್ಟೆ ಹಾಕುವ ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಿದ, ಪಾಪ. ಈ ಕಡೆ ಬಶಂದಿ ಬೆಂಚಿನ ಮೇಲೆ ಕೂತು ರೊಟ್ಟಿ ಕಚ್ಚಿ, "ತಿನ್ನೇ ಸಿಮ್ಸಿಮಾ" ಅಂದ. ಅವಳು ಎದ್ದು ಫೋನಿನ ಹಿಂದೆ ಹೋಗಿ ಹುಡುಕಿದಳು. ಯಾರೂ ಇರಲಿಲ್ಲ. ತಿರುಗಿ ಬಂದು ಬುಟ್ಟಿಗೆ ಬಾಯಿ ಹಾಕಿದಳು.

"ತಿಂದ್ಲೇನೋ?" ಮೇಲಿಂದ ಹಜ್ಜಾ.

"ತಿಂದ್ಲು ತಾಯಿ!" ಅವನು ಕೂಗಿದ್ದು ಬೀದಿಗೆಲ್ಲ ಕೇಳಿತು.

ಹನ್ನೆರಡು ದಿನ, ದಿನಕ್ಕೆರಡು ಸಲ ಹೀಗೇ ನಡೆಯಿತು. ಫೋನಿನ ಹೊತ್ತಿಗೆ ಬಶಂದಿ ಒಗೆದ ನಿಲುವಂಗಿ ತೊಟ್ಟು ಕೂರುತ್ತಿದ್ದ. ಹದಿಮೂರನೇ ದಿನ ಕರೆ ಬರಲಿಲ್ಲ. ಸಂಜೆ ನೆವೀನ್ ತಾವೇ ಬಂದು ಬೆಂಚಿನ ತುದಿಯಲ್ಲಿ ಕೂತರು.

"ಬೇಜಾರು ಮಾಡ್ಕೋಬೇಡ ಕಣಪ್ಪ. ನಿನ್ನ ದನಿ ಕೇಳಿದಾಗೆಲ್ಲ ಆಮೇಲೆ ಬಾಗಿಲ ಹತ್ರ ಹೋಗಿ ಅಳ್ತಾಳಂತೆ. ಇನ್ಮೇಲೆ ಫೋನ್ ಬೇಡ ಅಂದ್ರಂತೆ ಡಾಕ್ಟ್ರು. ಆದ್ರೆ ಇದು ನೋಡು."

ಅವರು ಕಳಿಸಿದ್ದ ವೀಡಿಯೋದಲ್ಲಿ ಹಸಿರು ಹುಲ್ಲು. ಯಾರೋ ದಾರಿಹೋಕ ಹೆಂಗಸು ಏನೋ ಎಸೆದಳು. ಸಿಮ್ಸಿಮಾ ಓಡಿಹೋಗಿ ಹುಲ್ಲಿನಿಂದ ಎತ್ತಿ ತಿಂದಳು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು.

"ಥೂ, ಬಿಡೇ!" ಬಶಂದಿಯ ಕೈ ಆಗಲೇ ಚಪ್ಪಲಿಗೆ ಹೋಗಿತ್ತು.

"ಒಳ್ಳೇದೇ ಅಲ್ವೇನೋ? ಹೊಂದಿಕೊಂಡ್ಲು."

"ಒಳ್ಳೇದೇ ಮೇಡಂ." ಅವನು ಬೆಂಚಿನಡಿಯ ಖಾಲಿ ಜಾಗವನ್ನು ನೋಡಿದ. "ಒಂದು ಉಪಕಾರ ಮಾಡಿ. ನಾಳೆ ಅವ್ರು ವಾಪಸ್ ಕಳಿಸ್ತೀವಿ ಅಂದ್ರೂ ನೀವು ಬೇಡ ಅನ್ನಿ. ನೆಲದ್ದು ತಿನ್ನೋ ನಾಯಿ ನಮ್ಮ ಬೀದೀಲಿ ಒಂದು ವಾರ ಬದುಕಲ್ಲ."